ನಡೆದದ್ದು ರಂಗಕ್ಕೆ ಬರುವಾಗ



ಕ್ರಿಸ್ತಪೂರ್ವ 494ರಲ್ಲಿ ಪರ್ಷಿಯನ್ನರು ಮಿಲೀಟಸ್ ಎಂಬ ಗ್ರೀಕ್ ಪಟ್ಟಣವನ್ನು ಹಿಡಿದು ಹಾಳುಗೆಡವಿದರು. ಅಥೆನ್ಸಿನವರಿಗೆ ಮಿಲೀಟಸ್ ಎಂದರೆ ಯಾವುದೋ ಊರಲ್ಲ, ಬಂಧುಬಳಗದ ಊರು. ಸ್ವಲ್ಪ ಕಾಲದಲ್ಲೇ ಫ್ರಿನಿಕಸ್ ಎಂಬ ನಾಟಕಕಾರ ಆ ಪತನವನ್ನೇ ನಾಟಕ ಮಾಡಿ ಅಥೆನ್ಸಿನಲ್ಲಿ ಆಡಿಸಿದ. ನೋಡಿದ ಜನ ಗೊಳೋ ಎಂದು ಅತ್ತರು. ಅತ್ತು ಸುಮ್ಮನೆ ಮನೆಗೆ ಹೋಗಿದ್ದರೆ ನಾಟಕಕಾರನಿಗೆ ಅದಕ್ಕಿಂತ ದೊಡ್ಡ ಬಿರುದು ಬೇಕಿರಲಿಲ್ಲ. ಆದರೆ ನಮ್ಮ ಮನೆಯ ಸಂಕಟವನ್ನೇ ನಮಗೆ ಮತ್ತೆ ತೋರಿಸಿದ ಎಂದು ಅವನಿಗೆ ಸಾವಿರ ದ್ರಾಕ್ಮಾ ದಂಡ ಹಾಕಿದರು. ಆ ನಾಟಕವನ್ನು ಮುಂದೆ ಯಾರೂ ಆಡಕೂಡದೆಂದು ಅಪ್ಪಣೆ ಹೊರಡಿಸಿದರು. ಹೆರೊಡೊಟಸ್ ಇದನ್ನು ಬರೆದಿಟ್ಟಿದ್ದಾನೆ. ನಾಟಕ ಉಳಿಯಲಿಲ್ಲ, ದಂಡದ ಸುದ್ದಿ ಉಳಿಯಿತು.

ಇದಾಗಿ ಸುಮಾರು ಇಪ್ಪತ್ತು ವರ್ಷಕ್ಕೆ, ಕ್ರಿಸ್ತಪೂರ್ವ 472ರಲ್ಲಿ, ಅದೇ ಅಥೆನ್ಸಿನಲ್ಲಿ ಈಸ್ಕಿಲಸ್ ಇನ್ನೊಂದು ನಾಟಕ ಆಡಿಸಿದ. ಅದೂ ನಡೆದ ಸಂಗತಿಯೇ, ಅದೂ ಪರ್ಷಿಯನ್ನರ ಯುದ್ಧವೇ. ಎಂಟು ವರ್ಷದ ಹಿಂದೆ ಸಲಾಮಿಸ್ ಕಡಲಲ್ಲಿ ಗ್ರೀಕರು ಪರ್ಷಿಯಾದ ನೌಕಾಪಡೆಯನ್ನು ಮುರಿದಿದ್ದರು. ಆ ಯುದ್ಧದಲ್ಲಿ ಹುಟ್ಟು ಹಾಕಿದವರು, ಮಕ್ಕಳನ್ನು ಕಳೆದುಕೊಂಡವರು ಎಲ್ಲ ಪ್ರೇಕ್ಷಕರಾಗಿ ಕುಳಿತಿದ್ದರು. ಈ ನಾಟಕಕ್ಕೆ ದಂಡ ಬೀಳಲಿಲ್ಲ, ಮೊದಲ ಬಹುಮಾನ ಬಂತು. ಇಂದು ಇಡಿಯಾಗಿ ಉಳಿದಿರುವ ಗ್ರೀಕ್ ನಾಟಕಗಳಲ್ಲಿ ಅದೇ ಅತ್ಯಂತ ಹಳೆಯದು ಎನ್ನುತ್ತಾರೆ. ಬಿ.ಎಂ. ಶ್ರೀಕಂಠಯ್ಯನವರು ಅದನ್ನು 1935ರಲ್ಲಿ ‘ಪಾರಸಿಕರು’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು.

ಒಂದಕ್ಕೆ ದಂಡ, ಇನ್ನೊಂದಕ್ಕೆ ಬಹುಮಾನ ಏಕೆ? ಒಂದು ಸೋಲಿನ ಕಥೆ, ಇನ್ನೊಂದು ಗೆಲುವಿನ ಕಥೆ, ಅಷ್ಟೇ ಎಂದು ಹೇಳಿಬಿಡಬಹುದು. ನನಗೆ ಆ ಉತ್ತರ ಸಾಲದು. ಗೆಲುವಿನ ನಾಟಕ ಬರೆಯುವವನು ಸಾಮಾನ್ಯವಾಗಿ ಏನು ಮಾಡುತ್ತಾನೆ? ಗೆದ್ದ ಸೇನಾಪತಿಯನ್ನು ನಡುರಂಗಕ್ಕೆ ತಂದು ನಿಲ್ಲಿಸುತ್ತಾನೆ. ಈಸ್ಕಿಲಸ್ ನಾಟಕದಲ್ಲಿ ಒಬ್ಬನೇ ಒಬ್ಬ ಗ್ರೀಕ್ ಸೇನಾಪತಿಯ ಹೆಸರಿಲ್ಲ. ನಾಟಕ ನಡೆಯುವುದು ಅಥೆನ್ಸಿನಲ್ಲಿ ಅಲ್ಲ, ಸಲಾಮಿಸ್‌ನಲ್ಲೂ ಅಲ್ಲ. ಶತ್ರುವಿನ ರಾಜಧಾನಿ ಸೂಸಾದಲ್ಲಿ, ಅರಮನೆಯ ಮುಂದೆ. ಅಲ್ಲಿ ಮುದುಕರು ಕಾಯುತ್ತಿದ್ದಾರೆ. ಮಗ ಯುದ್ಧಕ್ಕೆ ಹೋಗಿರುವ ರಾಜಮಾತೆಗೆ ಕೆಟ್ಟ ಕನಸು ಬಿದ್ದಿದೆ. ದೂತ ಓಡಿಬರುತ್ತಾನೆ. ಯುದ್ಧ ಪೂರ್ತಿ ನಡೆಯುವುದು ಆ ದೂತನ ಬಾಯಲ್ಲಿ. ಕೊನೆಗೆ ಸೋತ ದೊರೆ ಹರಿದ ಬಟ್ಟೆಯಲ್ಲಿ ಬರುತ್ತಾನೆ. ಗೆದ್ದ ಜನ ಕುಳಿತು ಸೋತವರ ಮನೆಯ ಗೋಳನ್ನು ಕೇಳಿದರು. ತಮ್ಮ ಗೆಲುವನ್ನು ತಮ್ಮ ಶತ್ರುವಿನ ಬಾಯಿಂದಲೇ ತಿಳಿದುಕೊಂಡರು.

ಇವತ್ತು ನಾನು ಹೇಳಬೇಕಾದ್ದು ಇದೊಂದೇ. ನಡೆದ ಘಟನೆಯನ್ನು ನಾಟಕ ಮಾಡಲು ಹೊರಟವನು ಎಲ್ಲಕ್ಕಿಂತ ಮೊದಲು ತೀರ್ಮಾನಿಸಬೇಕಾದ್ದು ಎಲ್ಲಿ ನಿಂತು ನೋಡಬೇಕು ಎಂಬುದನ್ನು. ಎಷ್ಟು ನಿಜ, ಎಷ್ಟು ಕಲ್ಪನೆ ಎಂಬ ನಮ್ಮ ಮಾಮೂಲಿ ಜಗಳ ಆಮೇಲಿನದು. ನಿಲ್ಲುವ ಜಾಗ ತಪ್ಪಿದರೆ ಎಲ್ಲ ಸಂಗತಿ ನಿಜವಿದ್ದೂ ನಾಟಕ ಸುಳ್ಳಾಗುತ್ತದೆ.

ದೂರದ ಗ್ರೀಸಿನ ಮಾತು ಸಾಕು, ಬೆಳಗಾವಿ ಸೀಮೆಗೆ ಬರೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಬೈಲಹೊಂಗಲದ ಕಡೆ ಒಂದು ಕೊಲೆ ನಡೆಯಿತು. ಅದು ‘ಸಂಗ್ಯಾ-ಬಾಳ್ಯಾ’ ಎಂಬ ಸಣ್ಣಾಟವಾಯಿತು. ಬರೆದವರು ಬೈಲಹೊಂಗಲದ ಪತ್ತಾರ ಮಾಸ್ತರರು ಎಂಬ ಪ್ರತೀತಿಯಿದೆ. ಚಂದ್ರಶೇಖರ ಕಂಬಾರರು ಅದನ್ನು ಸಂಪಾದಿಸಿ ಓದುಗರ ಕೈಗೆ ಕೊಟ್ಟರು. ಕಥೆ ನಿಮಗೆಲ್ಲ ಗೊತ್ತಿರುವುದೇ. ಸಂಗ್ಯಾ ಉಳ್ಳವರ ಮನೆಯ ಹುಡುಗ. ಈರ್ಯಾನ ಹೆಂಡತಿ ಗಂಗಿಯ ಮೇಲೆ ಅವನ ಕಣ್ಣು ಬೀಳುತ್ತದೆ. ಈರ್ಯಾ ವ್ಯಾಪಾರಕ್ಕೆಂದು ಊರು ಬಿಟ್ಟಾಗ ಸಂಬಂಧ ಕುದುರುತ್ತದೆ. ಗೆಳೆಯ ಬಾಳ್ಯಾ ಜೊತೆಗಿದ್ದಾನೆ. ಈರ್ಯಾನಿಗೂ ಅವನ ತಮ್ಮಂದಿರಿಗೂ ಸುದ್ದಿ ಮುಟ್ಟುತ್ತದೆ. ಬಾಳ್ಯಾ ಅವರ ಕಡೆ ಸೇರುತ್ತಾನೆ. ಸಂಗ್ಯಾ ಸಾಯುತ್ತಾನೆ.

ಈ ಕೊಲೆ ಕಚೇರಿಯ ಕಾಗದಕ್ಕೆ ಏರುವಾಗ ಅದರ ನೆತ್ತಿಯ ಮೇಲೆ ಯಾರ ಹೆಸರಿರುತ್ತದೆ ಯೋಚಿಸಿ. ಕೊಂದವರದು, ಸತ್ತವನದು. ಇವತ್ತಿನ ಪತ್ರಿಕೆಯಾದರೆ ಗಂಗಿಯನ್ನು ತಲೆಬರಹಕ್ಕೆ ಎಳೆದು ತರುತ್ತಿತ್ತು, ‘ಅನೈತಿಕ ಸಂಬಂಧ’ ಎಂಬ ಸಿದ್ಧ ಪದ ಹೇಗೂ ಇದೆಯಲ್ಲ. ಸಣ್ಣಾಟ ಕಟ್ಟಿದವರು ಎರಡನ್ನೂ ಬಿಟ್ಟರು. ಆಟಕ್ಕೆ ಇಬ್ಬರು ಗೆಳೆಯರ ಹೆಸರಿಟ್ಟರು. ಕೊಲೆ ಮಾಡಿದ ಈರ್ಯಾನ ಹೆಸರಿಲ್ಲ, ಕೊಲೆಗೆ ಕಾರಣ ಎನ್ನಿಸಿಕೊಂಡ ಗಂಗಿಯ ಹೆಸರೂ ಇಲ್ಲ. ಆ ಹೆಸರಿನಲ್ಲೇ ನಾಟಕಕಾರ ನಿಂತ ಜಾಗ ಗೊತ್ತಾಗುತ್ತದೆ. ಹಾದರ, ಮಾನ, ಸೇಡು ಎಲ್ಲ ಆಟದಲ್ಲಿವೆ. ಆದರೆ ನೋಡುವವರ ಹೊಟ್ಟೆಯಲ್ಲಿ ಸಂಕಟ ಎಬ್ಬಿಸುವುದು ಅವಲ್ಲ, ಜೊತೆಯಲ್ಲಿ ಉಂಡವನು ಕೈಬಿಟ್ಟನಲ್ಲ ಎಂಬುದು. ಸಂಗ್ಯಾ ಸಾಯುತ್ತಾನೆಂದು ಆಟ ಶುರುವಾಗುವ ಮೊದಲೇ ಊರಿಗೆಲ್ಲ ಗೊತ್ತು. ಮುಂದೇನಾಗುತ್ತದೆ ಎಂದು ನೋಡಲು ಅಲ್ಲಿ ಯಾರೂ ಬಂದಿರುವುದಿಲ್ಲ. ಬಾಳ್ಯಾ ಯಾವ ಗಳಿಗೆಯಲ್ಲಿ ಜಾರಿದ ಎಂದು ನೋಡಲು ಬಂದಿರುತ್ತಾರೆ. ದಪ್ಪು-ತಾಳದ ನಡುವೆ ಪಾತ್ರಧಾರಿ ಹಾಡಿದ್ದನ್ನು ಮ್ಯಾಳದವರು ಎತ್ತಿಕೊಂಡು ಮತ್ತೆ ಹಾಡುವಾಗ, ಆ ಜಾರಿಕೆ ಒಬ್ಬನದಾಗಿ ಉಳಿಯದೆ ಊರಿನದಾಗುತ್ತದೆ. ಇಂಥ ಕೆಲಸಕ್ಕೆ ನಾವು ‘ಜಾನಪದ’ ಎಂದು ಚೀಟಿ ಅಂಟಿಸಿ ಪಕ್ಕಕ್ಕಿಟ್ಟಿದ್ದೇವೆ. ನಾಟಕ ರಚನೆಯ ಪಾಠದಲ್ಲಿ ಇದು ಮೊದಲ ಪಠ್ಯವಾಗಬೇಕಿತ್ತು.

ಇನ್ನು ಇತಿಹಾಸದ ಮಾತು. ಕನ್ನಡದಲ್ಲಿ ಇತಿಹಾಸವನ್ನು ರಂಗಕ್ಕೆ ತಂದವರ ಸಾಲು ದೊಡ್ಡದು; ಸಂಸರಿಂದ ಹಿಡಿದು ಲಂಕೇಶ್, ಶಿವಪ್ರಕಾಶ್, ಕಾರ್ನಾಡರವರೆಗೆ. ಎಲ್ಲರನ್ನೂ ಮುಟ್ಟಿ ಬರಲು ಹೊರಟರೆ ಇದು ಉಪನ್ಯಾಸವಾಗದು, ಹಾಜರಿ ಪುಸ್ತಕವಾಗುತ್ತದೆ. ಒಂದೇ ನಾಟಕದ ಎರಡು ದೃಶ್ಯ ಹಿಡಿದು ನೋಡುತ್ತೇನೆ. 1964ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ ‘ತುಘಲಕ್’.

ಮುಹಮ್ಮದ್ ಬಿನ್ ತುಘಲಕ್‌ನ ಕಾಲದಲ್ಲಿ ದೆಹಲಿಯಲ್ಲಿದ್ದ ಇಬ್ನ್ ಬತೂತಾ ಒಂದು ಪ್ರಸಂಗ ಬರೆದಿದ್ದಾನೆ. ಸುಲ್ತಾನ ನನ್ನ ಸೋದರನನ್ನು ಅನ್ಯಾಯವಾಗಿ ಕೊಲ್ಲಿಸಿದ ಎಂದು ಒಬ್ಬ ಹಿಂದೂ ಪ್ರಮುಖ ಖಾಜಿಯ ಬಳಿ ದೂರು ಕೊಟ್ಟ. ಸುಲ್ತಾನ ಆಯುಧವಿಲ್ಲದೆ ಕಾಲ್ನಡಿಗೆಯಲ್ಲಿ ನ್ಯಾಯಾಲಯಕ್ಕೆ ಹೋಗಿ ಕೈಕಟ್ಟಿ ನಿಂತ, ತೀರ್ಪಿಗೆ ತಲೆಬಾಗಿದ. ಈಗ ನಾಟಕದ ಮೊದಲ ದೃಶ್ಯ ನೆನಪು ಮಾಡಿಕೊಳ್ಳಿ. ಅಲ್ಲೂ ಸುಲ್ತಾನನ ವಿರುದ್ಧ ಮೊಕದ್ದಮೆ, ಅಲ್ಲೂ ಸುಲ್ತಾನ ಸೋಲುತ್ತಾನೆ. ಬ್ರಾಹ್ಮಣನೊಬ್ಬನ ಭೂಮಿಯನ್ನು ಸರ್ಕಾರ ಕಿತ್ತುಕೊಂಡದ್ದು ತಪ್ಪೆಂದು ತೀರ್ಪಾಗಿದೆ, ಪರಿಹಾರವೂ ಸಿಕ್ಕಿದೆ. ಜನ ಬೆರಗಾಗಿದ್ದಾರೆ. ದೃಶ್ಯ ಮುಗಿಯುವ ಹೊತ್ತಿಗೆ ಗೊತ್ತಾಗುತ್ತದೆ, ಬ್ರಾಹ್ಮಣ ಬ್ರಾಹ್ಮಣನೇ ಅಲ್ಲ, ಅಜೀಜ್ ಎಂಬ ಅಗಸ. ಸುಲ್ತಾನನ ನ್ಯಾಯದ ಕಾನೂನನ್ನೇ ದುಡಿಮೆಯ ದಾರಿ ಮಾಡಿಕೊಂಡವನು.

ನಾಟಕದ ಕೊನೆಗೆ ಇದೇ ಕೈಚಳಕ ಇನ್ನೊಮ್ಮೆ ನಡೆಯುತ್ತದೆ. ಖಲೀಫರ ವಂಶದ ಘಿಯಾಸುದ್ದೀನ್ ಎಂಬುವನು ದೆಹಲಿಗೆ ಬಂದದ್ದು, ಸುಲ್ತಾನ ಅವನನ್ನು ಮಿತಿಮೀರಿ ಸತ್ಕರಿಸಿದ್ದು ನಡೆದ ಸಂಗತಿ. ಸುಲ್ತಾನ ನೆಲಕ್ಕೆ ತಲೆಯಿಟ್ಟು ತನ್ನ ಕುತ್ತಿಗೆಯ ಮೇಲೆ ಅವನ ಪಾದ ಇರಿಸಿಕೊಂಡ ಎಂದು ಇಬ್ನ್ ಬತೂತಾ ಬರೆಯುತ್ತಾನೆ. ಕಾರ್ನಾಡರ ನಾಟಕದಲ್ಲಿ ಘಿಯಾಸುದ್ದೀನನನ್ನು ದಾರಿಯಲ್ಲೇ ಕೊಂದು, ಅವನ ವೇಷದಲ್ಲಿ ಬಂದವನು ಅದೇ ಅಜೀಜ್. ಸುಲ್ತಾನ ಅವನ ಕಾಲಿಗೆ ಬೀಳುತ್ತಾನೆ.

ಇತಿಹಾಸಕಾರ ಇಲ್ಲಿ ಎದ್ದು ನಿಂತು, ಘಿಯಾಸುದ್ದೀನ್ ಹಾಗೆ ಕೊಲೆಯಾಗಲಿಲ್ಲ, ಅಜೀಜ್ ಎಂಬ ಮನುಷ್ಯನೇ ಇರಲಿಲ್ಲ ಎನ್ನಬಹುದು. ಎನ್ನಲಿ, ಅದು ಅವರ ಕೆಲಸ. ಆದರೆ ಕಾರ್ನಾಡರು ಏನನ್ನು ಮುಟ್ಟಿದ್ದಾರೆ, ಏನನ್ನು ಮುಟ್ಟಿಲ್ಲ ನೋಡಿ. ಸುಲ್ತಾನ ಮಾಡಿದ್ದು ಎರಡೂ ಕಡೆ ದಾಖಲೆಯಲ್ಲಿ ಇರುವುದಕ್ಕೆ ಹತ್ತಿರವೇ ಇದೆ. ನ್ಯಾಯಾಲಯಕ್ಕೆ ತಲೆಬಾಗಿದ, ಧರ್ಮದ ಮುಂದೆ ಮಣಿದ. ಬದಲಾದದ್ದು ಅವನ ಎದುರಿಗೆ ನಿಂತವನು. ಆ ಒಂದು ಬದಲಾವಣೆಯಿಂದ ಒಬ್ಬ ದೊರೆಯ ಆದರ್ಶ ಅವನ ರಾಜ್ಯದ ಬೀದಿಯಲ್ಲಿ ಯಾರ ಕೈಗೆ ಸಿಕ್ಕು ಏನಾಗುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ನೆಹರೂ ತೀರಿಕೊಂಡ ವರ್ಷದಲ್ಲಿ ಬಂದ ಈ ನಾಟಕವನ್ನು ಜನ ತಮ್ಮ ಕಾಲದ ನಾಟಕವೆಂದೇ ಓದಿದರು. ಅದಕ್ಕೆ ಆಶ್ಚರ್ಯಪಡಬೇಕಾಗಿಲ್ಲ.

ಇನ್ನೊಂದು ಸೂಕ್ಷ್ಮವನ್ನು ವಿಮರ್ಶಕರು ಹೆಚ್ಚು ಎತ್ತಿ ಹೇಳಿಲ್ಲ ಎಂದು ನನಗನ್ನಿಸುತ್ತದೆ. ತುಘಲಕನ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಜಿಯಾಉದ್ದೀನ್ ಬರನಿ ಬರೆದದ್ದು. ಬರನಿ ಹದಿನೇಳು ವರ್ಷ ಸುಲ್ತಾನನ ಒಡನಾಡಿಯಾಗಿದ್ದವನು. ಬರೆದದ್ದು ಮುಪ್ಪಿನಲ್ಲಿ, ಬಡತನದಲ್ಲಿ, ಸುಲ್ತಾನ ಸತ್ತ ಮೇಲೆ. ಕಾರ್ನಾಡರು ಆ ಬರನಿಯನ್ನೇ ರಂಗಕ್ಕೆ ತಂದರು. ಮುಂದೆ ‘ಟಿಪ್ಪುವಿನ ಕನಸುಗಳು’ ಬರೆಯುವಾಗಲೂ ಇತಿಹಾಸಕಾರ ಕಿರ್ಮಾನಿಯನ್ನು ಪಾತ್ರ ಮಾಡಿ, ಇಂಗ್ಲಿಷರ ಮೆಕೆಂಜಿಯ ಎದುರು ಕೂರಿಸಿದರು. ಆಧಾರವೆಂದು ನಾವು ನಂಬುವ ಗ್ರಂಥಕ್ಕೂ ಒಬ್ಬ ಮನುಷ್ಯನ ಕಣ್ಣಿದೆ, ಅವನಿಗೂ ಋಣ, ಭಯ, ಪ್ರೀತಿ ಇತ್ತು ಎಂಬುದನ್ನು ಟಿಪ್ಪಣಿಯಲ್ಲಿ ಹೇಳುವ ಬದಲು ಬೆಳಕಿನಲ್ಲಿ ನಿಲ್ಲಿಸಿ ತೋರಿಸಿದರು. ಟಿಪ್ಪು ತನ್ನ ಕನಸುಗಳನ್ನು ತನ್ನ ಕೈಯಲ್ಲೇ ಪಾರಸಿಯಲ್ಲಿ ಬರೆದಿಟ್ಟಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಇಂಗ್ಲಿಷರಿಗೆ ಸಿಕ್ಕಿತು. ಅಂಥ ಕಾಗದ ಸಿಕ್ಕರೆ ಯಾವ ನಾಟಕಕಾರನಿಗೂ ನಿದ್ದೆ ಬರುವುದಿಲ್ಲ. ಯುದ್ಧಭೂಮಿಯ ಟಿಪ್ಪುವನ್ನು ಎಲ್ಲರೂ ನೋಡಿದ್ದರು, ನಿದ್ದೆಯಿಂದ ಎದ್ದು ಕಾಗದಕ್ಕೆ ತಡಕಾಡುವ ಟಿಪ್ಪುವನ್ನು ಯಾರೂ ನೋಡಿರಲಿಲ್ಲ.

ಕಥೆಯನ್ನು ನಾಟಕ ಮಾಡುವಾಗಲೂ ಪ್ರಶ್ನೆ ಇದೇ. ಬಿ.ಎಂ.ಶ್ರೀಯವರು ಸೋಫೋಕ್ಲೀಸನ ಅಯಾಸನನ್ನು ಮಹಾಭಾರತಕ್ಕೆ ತಂದು 1929ರಲ್ಲಿ ‘ಅಶ್ವತ್ಥಾಮನ್’ ಬರೆದರು. ಗ್ರೀಕ್ ವೀರ ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸಾಯುತ್ತಾನೆ. ನಮ್ಮ ಅಶ್ವತ್ಥಾಮನೋ ಚಿರಂಜೀವಿ. ಶ್ರೀಯವರು ಚಿರಂಜೀವಿಯನ್ನೇ ಸಾಯಿಸಿದರು. ಆಕ್ಷೇಪ ಬಂದದ್ದು ಸಹಜ. ನನ್ನ ಮಟ್ಟಿಗೆ ಅದು ಧೈರ್ಯದ ಕೆಲಸ, ಪೂರ್ತಿ ದಕ್ಕಿದ ಕೆಲಸ ಅಲ್ಲ. ಸಾಯಲಾರದೆ ಹುಣ್ಣು ಹೊತ್ತು ಅಲೆಯುವ ಅಶ್ವತ್ಥಾಮನ ಶಿಕ್ಷೆ ಸಾವಿಗಿಂತ ಘೋರವಾದದ್ದು, ರಂಗಕ್ಕೆ ಅದು ಬೇಕಿತ್ತು. ಇದಕ್ಕಿಂತ ಹೆಚ್ಚು ಇಲ್ಲಿ ಬೆಳೆಸುವುದಿಲ್ಲ; ಜೀವಂತ ಜನರ ಸಂಗತಿ ಇನ್ನೂ ಬಾಕಿಯಿದೆ.

ಆರುನೂರು ವರ್ಷದ ಹಿಂದಿನ ಸುಲ್ತಾನನ ಎದುರು ಒಬ್ಬ ಅಜೀಜನನ್ನು ಕಲ್ಪಿಸಿ ನಿಲ್ಲಿಸಬಹುದು. ಹೋದ ವರ್ಷ ಸತ್ತವನ ಎದುರು ನಿಲ್ಲಿಸಬಹುದೆ? ಬಂಗಾಳದಲ್ಲಿ ನೀಲಿ ಬೆಳೆಯ ರೈತರು 1859ರಲ್ಲಿ ತಿರುಗಿಬಿದ್ದರು. ಮರುವರ್ಷವೇ ಅಂಚೆ ಇಲಾಖೆಯ ನೌಕರ ದೀನಬಂಧು ಮಿತ್ರ ತಮ್ಮ ಹೆಸರು ಹಾಕದೆ ‘ನೀಲದರ್ಪಣ’ ಪ್ರಕಟಿಸಿದರು. ಬೆಂಕಿ ಇನ್ನೂ ಆರಿರಲಿಲ್ಲ. ಅದರ ಇಂಗ್ಲಿಷ್ ಅನುವಾದವನ್ನು ಅಚ್ಚು ಹಾಕಿಸಿದ ಪಾದ್ರಿ ಜೇಮ್ಸ್ ಲಾಂಗ್‌ಗೆ 1861ರಲ್ಲಿ ಒಂದು ತಿಂಗಳ ಸೆರೆ ಮತ್ತು ಸಾವಿರ ರೂಪಾಯಿ ದಂಡವಾಯಿತು. ಅಥೆನ್ಸಿನಲ್ಲಿ ಸಾವಿರ, ಕಲ್ಕತ್ತೆಯಲ್ಲೂ ಸಾವಿರ. ಕಾಕತಾಳೀಯವಾದರೂ ನೆನಪಿಡಲು ಸುಲಭ. ಈ ಬಾರಿ ದಂಡವನ್ನು ಕಾಳಿಪ್ರಸನ್ನ ಸಿಂಹ ಎಂಬ ಲೇಖಕ ಅಲ್ಲೇ ಕಟ್ಟಿದರು. ನಾಟಕಕ್ಕೆ ಹೆದರಿದ ಸರ್ಕಾರ 1876ರಲ್ಲಿ ನಾಟಕ ಪ್ರದರ್ಶನ ಕಾಯ್ದೆಯನ್ನೇ ತಂದಿತು. ಸ್ವಾತಂತ್ರ್ಯ ಬಂದು ದಶಕಗಳಾದರೂ ಕೇಂದ್ರದ ಆ ಕಾಯ್ದೆ ಪುಸ್ತಕದಲ್ಲೇ ಇತ್ತು.

ಬಿಸಿಯಿರುವಾಗಲೇ ಘಟನೆಯನ್ನು ಮುಟ್ಟುವವರಿಗೆ ರೂಪದಲ್ಲೇ ಒಂದು ಉಪಾಯ ಬೇಕಾಗುತ್ತದೆ. ದೆಹಲಿಯ ಹತ್ತಿರದ ಒಂದು ಕಾರ್ಖಾನೆಯಲ್ಲಿ ಕಾರ್ಮಿಕರು ಸೈಕಲ್ ನಿಲ್ಲಿಸಲು ಜಾಗ, ಚಹಾ ಕುಡಿಯಲು ಕ್ಯಾಂಟೀನು ಕೇಳಿದ್ದರು. ಗೋಲಿಬಾರಿನಲ್ಲಿ ಜೀವಗಳು ಹೋದವು. ಜನ ನಾಟ್ಯ ಮಂಚ್‌ನವರು 1978ರಲ್ಲಿ ಅದನ್ನು ‘ಮಶೀನ್’ ಎಂಬ ಬೀದಿ ನಾಟಕ ಮಾಡಿದರು. ಹದಿಮೂರು ನಿಮಿಷದ ಆಟ. ನಟರ ಮೈಗಳೇ ಸೇರಿ ಯಂತ್ರವಾಗುತ್ತವೆ, ಯಂತ್ರ ಒಮ್ಮೆಲೇ ನಿಲ್ಲುತ್ತದೆ. ಆ ನಿಲ್ಲುವುದರಲ್ಲಿ ಮುಷ್ಕರ ಬಂತು, ಕೋಪ ಬಂತು. ನಮ್ಮಲ್ಲಿ ‘ಸಮುದಾಯ’ ರಂಗತಂಡದವರು ‘ಬೆಲ್ಚಿ’ ಆಡಿದರು. 1977ರಲ್ಲಿ ಬಿಹಾರದ ಆ ಹಳ್ಳಿಯಲ್ಲಿ ನಡೆದ ದಲಿತರ ಹತ್ಯೆಯನ್ನು ಅವರು ಕರ್ನಾಟಕದ ಬೀದಿಗೆ ತಂದರು. ಇಂದಿರಾ ಗಾಂಧಿ ಆನೆ ಹತ್ತಿ ಬೆಲ್ಚಿಗೆ ಹೋದದ್ದನ್ನು ದೇಶ ಇಂದಿಗೂ ನೆನೆಯುತ್ತದೆ. ಬೀದಿ ನಾಟಕ ಆನೆಯನ್ನು ಬಿಟ್ಟು ಸತ್ತವರ ಕಡೆ ನಿಂತಿತು.

ಈಗ ನಮ್ಮ ಸದ್ಯದ ಸ್ಥಿತಿ. ಜಯಂತಿ ನಾಟಕಗಳೆಂಬ ಹೊಸ ಪ್ರಕಾರವೊಂದು ಬೆಳೆದಿದೆ. ಅನುದಾನವಿದೆ, ವೇದಿಕೆಯಿದೆ, ಕಥಾನಾಯಕರ ಕೊರತೆಯಿಲ್ಲ. ಎಲ್ಲ ನಾಟಕವೂ ತೊಟ್ಟಿಲಿನಿಂದ ಚಟ್ಟದವರೆಗೆ. ನಾಯಕ ಹುಟ್ಟುವಾಗಲೇ ಗುಡುಗು, ಬಾಲ್ಯದಲ್ಲೇ ಪವಾಡ, ಪ್ರತಿ ದೃಶ್ಯದ ಕೊನೆಗೆ ಚಪ್ಪಾಳೆಗೆ ಜಾಗ. ತಪ್ಪು ಮಾಡಲು, ಅನುಮಾನಪಡಲು ನಾಯಕನಿಗೆ ಅವಕಾಶವೇ ಇಲ್ಲ. ಕಿತ್ತೂರು ಚೆನ್ನಮ್ಮನ ಉದಾಹರಣೆ ನೋಡಿ. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಸತ್ತ ಯುದ್ಧವನ್ನು ಎಷ್ಟು ಸಲ ನೋಡಿದ್ದೇವೆ! ಆ ದಿನ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಕಿತ್ತೂರಿನವರ ಕೈಗೆ ಸಿಕ್ಕರು, ವಾರಗಟ್ಟಲೆ ಒತ್ತೆಯಾಳುಗಳಾಗಿ ಕೋಟೆಯೊಳಗಿದ್ದರು. ಅವರಿಗೆ ಊಟ ಒಯ್ದವರು ಯಾರು, ಕಾವಲು ಕಾದವರು ಯಾರು? ಡಿಸೆಂಬರಿನಲ್ಲಿ ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾದರು, ಅಲ್ಲೇ 1829ರ ಫೆಬ್ರುವರಿಯಲ್ಲಿ ತೀರಿಕೊಂಡರು. ನಾಲ್ಕು ವರ್ಷಕ್ಕೂ ಮೀರಿದ ಆ ಸೆರೆವಾಸ ನಮ್ಮ ನಾಟಕಗಳಲ್ಲಿ ಪರದೆ ಬೀಳುವ ಮುನ್ನ ಹಿನ್ನೆಲೆ ಧ್ವನಿಯ ಒಂದು ವಾಕ್ಯವಾಗಿ ಮುಗಿಯುತ್ತದೆ. ನಾಟಕವಿರುವುದು ಅಲ್ಲಿ. ಹೊರಗೆ ಸಂಗೊಳ್ಳಿ ರಾಯಣ್ಣನ ದಂಗೆಗೆ ಕಿಡಿ ಕೂಡುತ್ತಿದ್ದ ವರ್ಷಗಳು ಅವು, ಒಳಗೆ ಒಬ್ಬ ಹೆಂಗಸು, ನಾಲ್ಕು ಗೋಡೆ.

ನಾಟಕ ರಚನೆಯ ಕಮ್ಮಟಗಳಿಗೆ ಹೋದಾಗ ಹುಡುಗ ಹುಡುಗಿಯರು ಪತ್ರಿಕೆಯ ತುಣುಕುಗಳನ್ನು ತರುತ್ತಾರೆ. ಅಂಥ ಒಂದು ಕಮ್ಮಟದಲ್ಲಿ ಬಯಲುಸೀಮೆಯ ಹುಡುಗನೊಬ್ಬ ಕೊಳವೆಬಾವಿಗೆ ಬಿದ್ದ ಮಗುವಿನ ಸುದ್ದಿ ಹಿಡಿದು ಬಂದ. ಅವನ ಕರಡಿನಲ್ಲಿ ಮಗು ಬಾವಿಯೊಳಗಿನಿಂದ ಮಾತಾಡುತ್ತಿತ್ತು, ತಾಯಿಯನ್ನು ಕರೆಯುತ್ತಿತ್ತು, ಭೂತಾಯಿಗೆ ಪ್ರಶ್ನೆ ಹಾಕುತ್ತಿತ್ತು. ಓದುವಾಗ ಎಲ್ಲರ ಕಣ್ಣಲ್ಲೂ ನೀರು. ನಾನು ಅವನನ್ನು ಕೇಳಿದೆ, ‘ಆ ಬಾವಿ ತೆರೆದೇ ಯಾಕಿತ್ತಪ್ಪ?’ ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು, ರೈತರ ಮನೆಯ ಹುಡುಗ. ‘ನೀರು ಬೀಳ್ಲಿಲ್ಲ ಅಂದ್ರೆ ಕೇಸಿಂಗ್ ಪೈಪ್ ಕಿತ್ಕೋತೀವಿ ಸಾರ್, ಇನ್ನೊಂದು ಪಾಯಿಂಟಿಗೆ ಆಗುತ್ತೆ. ಪೈಪಿಗೆ ದುಡ್ಡು ಕೊಟ್ಟಿರ್ತೀವಲ್ಲ. ಬಾಯಿಗೆ ಗೋಣಿಚೀಲ ಹಾಕಿ ಮೇಲೊಂದು ಕಲ್ಲು ಇಡ್ತೀವಿ.’ ಹೇಳುತ್ತ ಹೇಳುತ್ತ ಅವನೇ ನಿಂತುಬಿಟ್ಟ. ಸಾಲ ಮಾಡಿ ಬೋರು ಹಾಕಿಸಿ, ನೀರು ಬಾರದೆ, ಪೈಪಾದರೂ ಉಳಿಯಲಿ ಎಂದು ಗಂಡ ಹೆಂಡತಿ ಸೇರಿ ಕಿತ್ತುಕೊಳ್ಳುವ ಆ ಸಂಜೆಯ ದೃಶ್ಯವನ್ನು ಮರುದಿನ ಬರೆದು ತಂದ. ಮಗು ಪಕ್ಕದಲ್ಲಿ ಆಡುತ್ತಿದೆ, ಅಷ್ಟೆ. ಯಾರೂ ಅಳುವುದಿಲ್ಲ. ಈ ಸಲ ಓದಿ ಮುಗಿಸಿದಾಗ ಕಣ್ಣೊರೆಸಿಕೊಂಡವರು ಯಾರೂ ಇರಲಿಲ್ಲ, ಮಾತಾಡಿದವರೂ ಇರಲಿಲ್ಲ. ಮೊದಲ ಕರಡಿಗಿಂತ ಇದು ಎಷ್ಟೋ ಪಾಲು ಒಳ್ಳೆಯ ನಾಟಕ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಇಂಥದ್ದನ್ನು ಬರೆದ ಮೇಲೂ ಒಂದು ಕೆಲಸ ಉಳಿಯುತ್ತದೆ. ಆ ಗಂಡ ಹೆಂಡತಿ ಎಲ್ಲೋ ಬದುಕಿದ್ದಾರೆ. ನಾಟಕ ಅವರ ತಾಲ್ಲೂಕಿಗೇ ಹೋಗಬಹುದು. ಊರು, ಹೆಸರು, ಜಾತಿ, ಮನೆಯ ಗುರುತು ಬದಲಿಸಿದರೆ ಆಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಹಳ್ಳಿಯಲ್ಲಿ ಯಾವ ಗುರುತೂ ಅಷ್ಟು ಸುಲಭವಾಗಿ ಅಳಿಸುವುದಿಲ್ಲ.

ಹೊಸದಾಗಿ ನಾಟಕ ಬರೆಯುವವರಲ್ಲಿ ನನ್ನ ವಿನಂತಿ ಇಷ್ಟು. ಬದುಕಿರುವವರ ಸಂಗತಿಯನ್ನು ಬರೆದಿದ್ದರೆ ತಾಲೀಮು ಶುರುವಾಗುವ ಮೊದಲು ಹಸ್ತಪ್ರತಿ ತೆಗೆದುಕೊಂಡು ಅವರ ಮನೆಗೆ ಹೋಗಿ. ಕುಳಿತು ಪೂರ್ತಿ ಓದಿ ಹೇಳಿ. ಸಿಟ್ಟಾದರೆ ಕೇಳಿಸಿಕೊಳ್ಳಿ, ಹೀಗಲ್ಲ ಹಾಗೆ ಎಂದರೆ ಬರೆದುಕೊಳ್ಳಿ. ನಿಮ್ಮ ಸಂಭಾಷಣೆಗಿಂತ ಅವರ ಮಾತು ಚೆನ್ನಾಗಿರುತ್ತದೆ. ಅಧಿಕಾರದಲ್ಲಿ ಇರುವವರು ಬೇಡ ಎಂದರೆ ಕೇಳಬೇಡಿ, ಅವರ ಬೇಡವನ್ನು ಮೀರಿ ಆಡಿ. ನೊಂದವರು ಬೇಡ ಎಂದರೆ ಆ ನಾಟಕವನ್ನು ಆಡಬೇಡಿ.